ತುಡುವೆಯೋ, ಮೆಲ್ಲಿಫೆರಾವೋ?

1991–92ರ ಹೊತ್ತಿಗೆ ದಕ್ಷಿಣ ಭಾರತದ ಜೇನು ಕೃಷಿ ಕಣ್ಣೆದುರೇ ನೆಲಕಚ್ಚಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ, ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನದೇ ಆದ ತುಡುವೆ ಜೇನಿನ ಮರಿಹುಳುಗಳಿಗೆ ತಗುಲಿತ್ತು. ಹುಳು ಪೊರೆಹುಳುವಾಗುವ ಮೊದಲೇ ನೀರು ತುಂಬಿದ ಚೀಲದಂತೆ ಊದಿಕೊಂಡು ಕೋಶದಲ್ಲೇ ಸಾಯುತ್ತಿತ್ತು. ಮರಿಯಿಲ್ಲದ ಕುಟುಂಬ ಕ್ಷೀಣಿಸುತ್ತಿತ್ತು, ಇಲ್ಲವೇ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತಿತ್ತು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ತೋಟಗಳಲ್ಲಿ ಹತ್ತು ಪೆಟ್ಟಿಗೆಯಲ್ಲಿ ಒಂಬತ್ತು ಖಾಲಿಯಾದವು ಎಂಬುದು ಆಗಿನ ಅಂದಾಜು. ವಿರಾಜಪೇಟೆ, ಭಾಗಮಂಡಲ, ಪುತ್ತೂರಿನಂಥ ಕಡೆ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಜೇನನ್ನೇ ಉಪಕಸುಬು ಮಾಡಿಕೊಂಡಿದ್ದ ಸೀಮೆಗೆ ಇದು ಬಹು ದೊಡ್ಡ ಹೊಡೆತ.

ಮೆಲ್ಲಿಫೆರಾ, ಅಂದರೆ ಜನ ಇಟಾಲಿಯನ್ ಜೇನು ಎಂದು ಕರೆಯುವ ಯುರೋಪಿನ ಜೇನು, ದಕ್ಷಿಣದಲ್ಲಿ ಗಟ್ಟಿಯಾಗಿ ಕಾಲೂರಿದ್ದು ಈ ಖಾಲಿ ಪೆಟ್ಟಿಗೆಗಳ ನಡುವೆ. ಭಾರತದಲ್ಲಿ ಅದು ಮೊದಲು ನೆಲೆ ಕಂಡದ್ದು 1962ರ ಸುಮಾರಿಗೆ, ಈಗ ಹಿಮಾಚಲ ಪ್ರದೇಶದಲ್ಲಿರುವ ನಗ್ರೋಟಾದಲ್ಲಿ. ಪಂಜಾಬು, ಹರಿಯಾಣದ ಸಾಸಿವೆ ಹೊಲಗಳಲ್ಲಿ ಬೆಳೆದು ದೊಡ್ಡ ಉದ್ಯಮವಾದ ಮೇಲೆ ಅದು ಕೇರಳಕ್ಕೂ ನಮ್ಮ ಬಯಲುಸೀಮೆಗೂ ಬಂತು. ಅಂದಿನಿಂದ ಜೇನು ಸಾಕುವವರು ಎಲ್ಲಿ ಸೇರಿದರೂ ಒಂದು ವಾದ ಏಳುತ್ತದೆ. ಹೊರಗಿನ ಜೇನನ್ನು ನಾವು ಎಷ್ಟರಮಟ್ಟಿಗೆ, ಎಲ್ಲೆಲ್ಲಿ ಒಪ್ಪಿಕೊಳ್ಳಬೇಕು?

ಮೆಲ್ಲಿಫೆರಾ ಪರ ಮಾತಾಡುವವರನ್ನು ದುರಾಸೆಯವರೆಂದು ತಳ್ಳಿಹಾಕುವುದು ಅನ್ಯಾಯ. ತುಡುವೆಯ ಒಂದು ಪೆಟ್ಟಿಗೆ ವರ್ಷಕ್ಕೆ ಸಾಮಾನ್ಯವಾಗಿ ಕೊಡುವುದು ನಾಲ್ಕಾರು ಕಿಲೋ, ಒಳ್ಳೆಯ ವರ್ಷದಲ್ಲಿ ಹತ್ತು. ಹೂವಿನ ಜಾಡು ಹಿಡಿದು ಸಾಗಿಸಿದ ಮೆಲ್ಲಿಫೆರಾ ಪೆಟ್ಟಿಗೆ ಇಪ್ಪತ್ತೈದು, ಮೂವತ್ತು ಕಿಲೋ ಕೊಡುತ್ತದೆ. ತುಡುವೆ ಕುಟುಂಬ ಬೇಗ ಒಡೆದು ಪಾಲಾಗುತ್ತದೆ. ಮೇವು ಕಡಿಮೆಯಾದರೆ, ಇರುವೆ ಹತ್ತಿದರೆ, ಪೆಟ್ಟಿಗೆಯನ್ನು ಪದೇ ಪದೇ ಅಲುಗಾಡಿಸಿದರೆ ರಾಣಿಸಮೇತ ಎದ್ದು ಹೋಗುತ್ತದೆ. ಹಾಗಾಗಿ ಲಾರಿಯಲ್ಲಿ ಹೇರಿಕೊಂಡು ಊರೂರು ತಿರುಗಲು ಅದು ಒಗ್ಗದು. ಭೂಮಿಯಿಲ್ಲದ ಯುವಕನೊಬ್ಬ ಜೇನನ್ನೇ ಪೂರ್ಣಾವಧಿ ಕಸುಬು ಮಾಡಿಕೊಳ್ಳಬೇಕಾದರೆ ನಾಲ್ಕು ಕಿಲೋದ ಲೆಕ್ಕದಲ್ಲಿ ಸಂಸಾರ ನಡೆಯುವುದಿಲ್ಲ.

ಬೆಳೆಯ ಲೆಕ್ಕವೂ ಇದೆ. ಬಯಲುಸೀಮೆಯ ಸೂರ್ಯಕಾಂತಿಯನ್ನೇ ನೋಡಿ. ಜೇನು ಸಾಲದಿದ್ದರೆ ತೆನೆಯ ನಡುಭಾಗ ಜೊಳ್ಳಾಗುತ್ತದೆ. ಅದಕ್ಕೇ ಹೂ ಬಿಟ್ಟ ದಿನಗಳಲ್ಲಿ ಬೆಳಗಿನ ಹೊತ್ತು ಅಂಗೈಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಒಂದೊಂದೇ ತೆನೆ ಸವರಿ ಎಂದು ಕೃಷಿ ಇಲಾಖೆ ರೈತರಿಗೆ ಹೇಳಿಕೊಡಬೇಕಾಯಿತು. ಜೇನು ಮಾಡಬೇಕಾದ ಕೆಲಸಕ್ಕೆ ಕೂಲಿ ಕೊಡುವ ಸ್ಥಿತಿ ಅದು. ಹೆಕ್ಟೇರಿಗೆ ಐದು ಪೆಟ್ಟಿಗೆ ಎಂಬ ಶಿಫಾರಸನ್ನು ಸಾವಿರಾರು ಎಕರೆಗೆ ಪೂರೈಸುವಷ್ಟು ತುಡುವೆ ಆ ಮರವಿಲ್ಲದ ಸೀಮೆಯಲ್ಲಿ ಇಲ್ಲ. ಅಲ್ಲಿಗೆ ಮೆಲ್ಲಿಫೆರಾ ಪೆಟ್ಟಿಗೆ ಬಂದರೆ ಯಾರ ಅನ್ನವನ್ನೂ ಕಸಿದಂತಾಗುವುದಿಲ್ಲ ಎಂಬುದು ನನ್ನ ಎಣಿಕೆ.

ತುಡುವೆಯ ಪರ ವಾದ ಬೇರೆ ಮಣ್ಣಿನಿಂದ ಹುಟ್ಟುತ್ತದೆ. ವರೋವಾ ನುಸಿ ಮೂಲತಃ ತುಡುವೆಯದೇ ಪಿಡುಗು. ಸಾವಿರಾರು ವರ್ಷ ಒಟ್ಟಿಗೆ ಬಾಳಿದ್ದರಿಂದ ತುಡುವೆ ಅದನ್ನು ಮೈಯಿಂದ ಕೊಡವಿ ತೆಗೆಯುವುದನ್ನು ಕಲಿತಿದೆ. ನುಸಿ ಬಹುಮಟ್ಟಿಗೆ ಗಂಡುನೊಣದ ಕೋಶಗಳಲ್ಲಿ ಮಾತ್ರ ಮರಿ ಮಾಡಬಲ್ಲದು. ಅದೇ ನುಸಿ ಮೆಲ್ಲಿಫೆರಾಕ್ಕೆ ದಾಟಿದಾಗ ಕೆಲಸಗಾರ ನೊಣಗಳ ಕೋಶಕ್ಕೂ ನುಗ್ಗಿ ಕುಟುಂಬವನ್ನೇ ಮುಗಿಸುತ್ತದೆ. ಹೆಜ್ಜೇನಿನಿಂದ ದಾಟಿದ ಟ್ರೋಪಿಲೇಲಾಪ್ಸ್ ಎಂಬ ಇನ್ನೊಂದು ನುಸಿಯೂ ಅದಕ್ಕೆ ಹಗೆ. ಹಾಗಾಗಿ ಮೆಲ್ಲಿಫೆರಾ ಸಾಕುವವನು ಫಾರ್ಮಿಕ್ ಆಮ್ಲ, ಗಂಧಕದ ಪುಡಿ ಎಂದು ಸದಾ ಔಷಧದ ಹಿಂದೆ ಇರಬೇಕು. ಮೇವಿಲ್ಲದ ತಿಂಗಳುಗಳಲ್ಲಿ ಸಕ್ಕರೆ ಪಾಕದ ಖರ್ಚೂ ಜಾಸ್ತಿ. ಕಣಜದ ಹುಳು ದಾಳಿಯಿಟ್ಟರೆ ತುಡುವೆ ನೊಣಗಳು ಅದರ ಸುತ್ತ ಉಂಡೆಗಟ್ಟಿ ಮೈಬಿಸಿಯಿಂದಲೇ ಬೇಯಿಸಿ ಕೊಲ್ಲುತ್ತವೆ. ಈ ವಿದ್ಯೆ ಮೆಲ್ಲಿಫೆರಾಕ್ಕೆ ಅಷ್ಟಾಗಿ ಬಾರದು. ಮಲೆನಾಡಿನ ಥಂಡಿ ಬೆಳಗಿನಲ್ಲಿ ತುಡುವೆ ಬೇಗ ಕೆಲಸಕ್ಕೆ ಇಳಿಯುತ್ತದೆ, ಚದುರಿದ ಸಣ್ಣ ಹೂಗಳನ್ನೂ ಬಿಡುವುದಿಲ್ಲ. ಮನೆಯ ಹಿತ್ತಿಲಲ್ಲಿ ನಾಲ್ಕು ಪೆಟ್ಟಿಗೆ ಇಟ್ಟುಕೊಂಡ ಅಡಿಕೆ ಕೃಷಿಕನಿಗೆ ಇಷ್ಟು ಕಡಿಮೆ ಆರೈಕೆಯ ಜೇನು ಬೇರೆಯಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ತುಡುವೆಯನ್ನು ಪ್ರೀತಿಸುವ ಕೆಲವರು ತೊಂಬತ್ತರ ದಶಕದ ರೋಗವನ್ನೂ ಮೆಲ್ಲಿಫೆರಾದ ತಲೆಗೆ ಕಟ್ಟುತ್ತಾರೆ. ಅದು ಸರಿಯಲ್ಲ. ಆ ವೈರಸ್ ತುಡುವೆಯ ಜಾತಿಯದೇ. 1976ರಲ್ಲಿ ಥಾಯ್ಲೆಂಡಿನ ತುಡುವೆಗಳಲ್ಲಿ ಕಾಣಿಸಿಕೊಂಡು, ಎಪ್ಪತ್ತರ ದಶಕ ಮುಗಿಯುವ ಮೊದಲು ನಮ್ಮ ಈಶಾನ್ಯಕ್ಕೆ ಬಂದು, ಆಮೇಲೆ ದಕ್ಷಿಣಕ್ಕೆ ಇಳಿಯಿತು. ದಕ್ಷಿಣಕ್ಕೆ ಮೆಲ್ಲಿಫೆರಾ ಬಂದದ್ದು ಆ ಅನಾಹುತದ ಹಿಂದಿನಿಂದ. ಹಾಗೆಂದು ಆರೋಪವೆಲ್ಲ ಪೊಳ್ಳಲ್ಲ. ಚೀನಾದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೆಲ್ಲಿಫೆರಾ ತಂದ ಮೇಲೆ ಬಯಲಿನ ಬಹುಭಾಗದಲ್ಲಿ ಸ್ಥಳೀಯ ತುಡುವೆ ಕುಗ್ಗಿಹೋಯಿತು. ಕಾಡು ಕಡಿದದ್ದು, ಕೀಟನಾಶಕ ಸುರಿದದ್ದು ಕೂಡ ಅದೇ ಕಾಲದಲ್ಲಿ ಆದ್ದರಿಂದ ಪೂರ್ತಿ ತಪ್ಪು ಒಂದರದೇ ಎನ್ನಲಾಗದು. ಆದರೆ ಮೇವಿಲ್ಲದ ಕಾಲದಲ್ಲಿ ಬಲವಾದ ಮೆಲ್ಲಿಫೆರಾ ಕುಟುಂಬ ತುಡುವೆಯ ಪೆಟ್ಟಿಗೆಗೆ ನುಗ್ಗಿ ಜೇನು ದೋಚುವುದು, ಒಂದರ ವೈರಸ್ ಇನ್ನೊಂದಕ್ಕೆ ದಾಟುವುದು ಸಾಕುವವರೂ ವಿಜ್ಞಾನಿಗಳೂ ಕಂಡಿರುವ ಸಂಗತಿ.

ನನ್ನನ್ನು ಹೆಚ್ಚು ಕಾಡುವುದು ಈ ಜಗಳದಲ್ಲಿ ಎರಡೂ ಕಡೆಯವರು ಮರೆಯುವ ವಿಷಯ. ರೋಗದ ನಂತರ ತುಡುವೆ ಮತ್ತೆ ಚೇತರಿಸಿಕೊಂಡದ್ದು ಹೇಗೆ? ಸಂಶೋಧನಾ ಕೇಂದ್ರದಿಂದ ಬಂದ ಔಷಧದಿಂದಲ್ಲ. ಕಾಡಿನ ಮರದ ಪೊಟರೆಗಳಲ್ಲಿ, ಹುತ್ತಗಳಲ್ಲಿ, ಕಲ್ಲಿನ ಸಂದುಗಳಲ್ಲಿ ರೋಗ ತಡೆದು ಉಳಿದ ಕುಟುಂಬಗಳಿದ್ದವು. ಜನ ಅವನ್ನು ಹುಡುಕಿ ತಂದು ಪೆಟ್ಟಿಗೆಗೆ ತುಂಬಿದರು, ಅವು ಪಾಲಾಗಿ ಹೆಚ್ಚಿದವು. ಕಾಡು ಇರದಿದ್ದರೆ ಈ ವಾದದಲ್ಲಿ ತುಡುವೆಯ ಪಕ್ಷವೇ ಇರುತ್ತಿರಲಿಲ್ಲ.

ಪರಾಗಸ್ಪರ್ಶದ ಹೆಚ್ಚಿನ ಪಾಲಂತೂ ಪೆಟ್ಟಿಗೆಗೆ ಬಾರದ ಜೀವಿಗಳದು. ಕೊಡಗಿನ ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬರಬೇಕು. ಗಾಳಿ ಒಂದಿಷ್ಟು ತರುತ್ತದೆ, ಉಳಿದದ್ದು ಜೇನಿನ ಕೆಲಸ. ಹೂಮಳೆ ಬಿದ್ದು ಇಡೀ ತೋಟ ಬೆಳ್ಳಗಾಗುವ ಆ ಎರಡು ಮೂರು ದಿನಗಳಲ್ಲಿ ಅಲ್ಲಿಗೆ ದಂಡೆತ್ತಿ ಬರುವುದು ಮುಖ್ಯವಾಗಿ ಹೆಜ್ಜೇನು, ಜೊತೆಗೆ ತುಡುವೆ ಮತ್ತು ಕುಟುಕದ ಮುಜಂಟಿ ಜೇನು. ಹೆಜ್ಜೇನನ್ನು ಯಾರೂ ಸಾಕಲಾರರು. ಅದಕ್ಕೆ ಅಗಲವಾದ ಕೊಂಬೆಯ ಎತ್ತರದ ಕಾಡುಮರ ಬೇಕು. ಆ ಮರಗಳನ್ನು ತೆಗೆದು ತೋಟಕ್ಕೆಲ್ಲ ಸಿಲ್ವರ್ ಓಕ್ ನೆಟ್ಟರೆ ಅದು ಎಲ್ಲಿ ತಟ್ಟಿ ಕಟ್ಟೀತು? ಬದನೆಯ ಕತೆ ಇನ್ನೂ ಬೇರೆ. ಅದರ ಪರಾಗಕೋಶದ ತುದಿಯಲ್ಲಿ ಸಣ್ಣ ತೂತಿರುತ್ತದೆ, ಹೂವನ್ನು ಹಿಡಿದು ರೆಕ್ಕೆಯ ಸ್ನಾಯುವಿನಿಂದ ಝೇಂಕರಿಸಿ ನಡುಗಿಸಿದರೆ ಮಾತ್ರ ಪರಾಗ ಉದುರುತ್ತದೆ. ತುಡುವೆಗೂ ಮೆಲ್ಲಿಫೆರಾಕ್ಕೂ ಆ ಕಲೆ ಬಾರದು. ಅದನ್ನು ಮಾಡುವುದು ಒಣಮರ, ಬಿದಿರು ಕೊರೆದು ಬಾಳುವ ಕಪ್ಪು ದುಂಬಿ, ಮಣ್ಣಿನಲ್ಲಿ ಗೂಡು ತೋಡುವ ನೀಲಿ ಪಟ್ಟೆಯ ಒಂಟಿ ಜೇನು. ಹೊಲದ ಬದುವನ್ನು ಕಳೆನಾಶಕದಿಂದ ಬೋಳು ಮಾಡಿ, ಒಣ ಬಿದಿರೆಲ್ಲ ಸುಟ್ಟು, ಮೂಲೆಯಲ್ಲಿ ಹತ್ತು ಪೆಟ್ಟಿಗೆ ಇಟ್ಟರೆ ಜೇನುತುಪ್ಪ ಸಿಗಬಹುದು, ಬದನೆಕಾಯಿಗೆ ಅದರಿಂದ ಏನೂ ಆಗದು.

ಆದ್ದರಿಂದ ಸರ್ಕಾರದ ಯೋಜನೆಗಳು ಪೆಟ್ಟಿಗೆ ಹಂಚುವುದನ್ನೇ ಸಂರಕ್ಷಣೆ ಎಂದು ಕರೆದಾಗ ನನಗೆ ಒಪ್ಪಿಗೆಯಾಗುವುದಿಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಜೇನು ಸಾಕಣೆಗೆಂದು 500 ಕೋಟಿ ರೂಪಾಯಿ ಘೋಷಿಸಿತು. ಹಣ ಬಂದದ್ದು ಒಳ್ಳೆಯದೇ, ಅದರಿಂದ ಬದುಕು ಕಟ್ಟಿಕೊಂಡವರಿದ್ದಾರೆ. ಆದರೆ ಜೇನಿನ ಉತ್ಪಾದನೆಯನ್ನು ಕಿಲೋದಲ್ಲಿ, ಪೆಟ್ಟಿಗೆಯನ್ನು ಸಂಖ್ಯೆಯಲ್ಲಿ ಅಳೆಯುವ ಕಡೆ ಮೆಲ್ಲಿಫೆರಾ ಯಾವಾಗಲೂ ಗೆಲ್ಲುತ್ತದೆ. ಪೊಟರೆಯಿರುವ ಮರ, ಹೂಬಿಡುವ ಬದು, ಹೂವಿನ ಹೊತ್ತಿನಲ್ಲಿ ಔಷಧ ಹೊಡೆಯದ ರೈತ ಯಾವ ಪಟ್ಟಿಗೂ ಸೇರುವುದಿಲ್ಲ. ತುಡುವೆಯ ಜೇನಿಗೂ ಲಾರಿಯಲ್ಲಿ ಬಂದ ಜೇನಿಗೂ ಅಂಗಡಿಯಲ್ಲಿ ಒಂದೇ ಬೆಲೆಯಾದರೆ, ತುಡುವೆ ಸಾಕಿ ಎಂದು ಬಡ ಕೃಷಿಕನಿಗೆ ಉಪದೇಶ ಮಾಡುವ ಹಕ್ಕು ಪೇಟೆಯಲ್ಲಿ ಕೂತ ನಮಗೆಲ್ಲಿದೆ? ಹೆಚ್ಚಿನ ಬೆಲೆ ಕೊಡಲು ಗ್ರಾಹಕರಾದ ನಾವು ತಯಾರಿರಬೇಕು, ಜಾತಿ ತಿಳಿಸುವ ಚೀಟಿ ಬಾಟಲಿಯ ಮೇಲಿರಬೇಕು.

ಒಟ್ಟಾರೆ ನಾನು ಬಯಲಿಗೆ ಮೆಲ್ಲಿಫೆರಾ, ಘಟ್ಟಕ್ಕೆ ತುಡುವೆ ಎಂದು ಗೆರೆ ಎಳೆಯುವವರ ಕಡೆಗೆ ವಾಲುತ್ತೇನೆ. ಆದರೆ ಆ ಗೆರೆ ಘಟ್ಟದ ಬುಡದಲ್ಲಿ ಸಿಕ್ಕುಗೊಳ್ಳುತ್ತದೆ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಎಲೆ ಉದುರಿ ಹೊಸ ಚಿಗುರು ಬರುವ ಜನವರಿಯಿಂದ ಮಾರ್ಚ್‌ವರೆಗೆ ಎಲೆಯ ತೊಟ್ಟಿನಿಂದಲೇ ಸಿಹಿ ಒಸರುತ್ತದೆ. ಇದು ಹೂವಿನ ಮಕರಂದವಲ್ಲ, ಇದರಿಂದ ಯಾವ ಕಾಯಿಯೂ ಕಟ್ಟುವುದಿಲ್ಲ. ಆದರೆ ಆ ಸೀಮೆಯ ಜೇನಿನ ದೊಡ್ಡ ಪಾಲು ಇಲ್ಲಿಂದಲೇ. ಸಿಹಿ ಅಷ್ಟೊಂದು ಹರಿಯುವಾಗ ತುಡುವೆ, ಮೆಲ್ಲಿಫೆರಾ ಎರಡಕ್ಕೂ ಸಾಕಾಗುತ್ತದೆ, ಪೈಪೋಟಿಯ ಮಾತು ಅಷ್ಟಾಗಿ ಬರುವುದಿಲ್ಲ. ಹೊರಗಿನಿಂದ ಪೆಟ್ಟಿಗೆ ತರುವವರನ್ನು ಆ ಮೂರು ತಿಂಗಳು ತಡೆಯಲು ನನಗೆ ಬಲವಾದ ಕಾರಣ ಕಾಣದು. ನುಸಿ, ರೋಗ ಇಲ್ಲವೆಂದು ನೋಡಿ ಬಿಡಬೇಕು ಅಷ್ಟೆ. ತೊಂದರೆ ಶುರುವಾಗುವುದು ಚಿಗುರು ಬಲಿತು ಸಿಹಿ ನಿಂತ ಮೇಲೆ. ಹಸಿದ ಪೆಟ್ಟಿಗೆಗಳು ಏಪ್ರಿಲ್‌ನಲ್ಲೂ ಅಲ್ಲೇ ಉಳಿದರೆ ಪಕ್ಕದ ತೋಟದ ತುಡುವೆಯ ಮೇಲೆ ಬೀಳುತ್ತವೆ. ಲಾರಿ ಬರುವ ದಿನದಷ್ಟೇ ಹೊರಡುವ ದಿನವನ್ನೂ ತೋಟದ ಮಾಲೀಕ, ಜೇನಿನವನು, ಊರಿನ ಸಹಕಾರ ಸಂಘ ಮೂವರೂ ಕೂತು ಮೊದಲೇ ಗೊತ್ತು ಮಾಡಿಕೊಳ್ಳಬಹುದು. ಅದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ.