ಮಗ್ದಲದ ಮರಿಯಳ ಮೇಲೆ ಹೊರಿಸಿದ ಪಾಪ

ಮಗ್ದಲದ ಮರಿಯಳನ್ನು ‘ಪಶ್ಚಾತ್ತಾಪಪಟ್ಟ ವೇಶ್ಯೆ’ ಎನ್ನುವ ಪ್ರಬೋಧನೆಗಳು ಇನ್ನೂ ನಿಂತಿಲ್ಲ. ಇದನ್ನು ನಾನು ಒಪ್ಪಲಾರೆ. ಲೂಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೋಯಿಸಿದ ಪಾಪಿ ಸ್ತ್ರೀಗೆ ಹೆಸರೇ ಇಲ್ಲ. ಮರಿಯಳ ಹೆಸರು ಬರುವುದು 8ನೇ ಅಧ್ಯಾಯದಲ್ಲಿ. ಅಲ್ಲಿ ಆಕೆ ಏಳು ದೆವ್ವಗಳ ಕಾಟದಿಂದ ಬಿಡುಗಡೆ ಹೊಂದಿದವಳು. ಪೀಡೆ ಪಾಪವಲ್ಲ.

ಕ್ರಿ.ಶ. 591ರಲ್ಲಿ ಪೋಪ್ ಮೊದಲನೆಯ ಗ್ರೆಗೊರಿಯವರು ತಮ್ಮ ಪ್ರಬೋಧನೆಯೊಂದರಲ್ಲಿ ಈ ಇಬ್ಬರನ್ನೂ ಬೆಥಾನಿಯದ ಮರಿಯಳನ್ನೂ ಒಬ್ಬಳೆಂದೇ ಬಗೆದರು. ಏಳು ದೆವ್ವಗಳೆಂದರೆ ಸಕಲ ದುರ್ಗುಣಗಳೆಂದು ಅರ್ಥೈಸಿದರು. ಪಾಶ್ಚಾತ್ಯ ಧರ್ಮಸಭೆ ಶತಮಾನಗಳ ಕಾಲ ಅದನ್ನೇ ನಂಬಿತು.

“ಸಂಪ್ರದಾಯವನ್ನು ಪ್ರಶ್ನಿಸಬಹುದೇ?” ಎನ್ನುವವರು ಗಮನಿಸಲಿ: 1969ರ ಪಂಚಾಂಗ ಪರಿಷ್ಕರಣೆಯಲ್ಲಿ ಧರ್ಮಸಭೆಯೇ ಮರಿಯಳ ಸ್ಮರಣೆಯಿಂದ ಆ ಪಾಪಿ ಸ್ತ್ರೀಯನ್ನು ಬೇರ್ಪಡಿಸಿತು. 2016ರಲ್ಲಿ ಪೋಪ್ ಫ್ರಾನ್ಸಿಸರು ಜುಲೈ 22ರ ಆ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ದರ್ಜೆಗೇರಿಸಿದರು. ಅದು ಔದಾರ್ಯವಲ್ಲ, ನ್ಯಾಯ. ಯೊವಾನ್ನನ 20ನೇ ಅಧ್ಯಾಯದಲ್ಲಿ ಪುನರುತ್ಥಾನದ ವಾರ್ತೆಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಆಕೆಯೇ ಅಲ್ಲವೇ?

ಧರ್ಮೋಪದೇಶ ತರಗತಿಯಲ್ಲಿ ನಾನೂ ವರ್ಷಗಟ್ಟಲೆ ಹಳೆಯ ಕಥೆಯನ್ನೇ ಹೇಳಿದೆ. ಹೆಣ್ಣುಮಕ್ಕಳು ತಲೆತಗ್ಗಿಸಿ ಕೇಳಿದರು. ಒಬ್ಬಳ ತಪ್ಪಿಗೆ ಪಕ್ಕದವಳನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರು ನಾನಾಗಿದ್ದೆ. ಇನ್ನಾದರೂ ಆಕೆಯನ್ನು ಕೆಳಗಿಳಿಸೋಣ.