ಜಮೀನು ಗುತ್ತಿಗೆ ಕಾನೂನುಬದ್ಧವಾಗಬೇಕೇ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಸೊಪ್ಪು–ತರಕಾರಿ ಬೆಳೆಯುವ ಅನೇಕರಿಗೆ ಸ್ವಂತ ಜಮೀನಿಲ್ಲ. ಇದ್ದರೂ ಹತ್ತಿಪ್ಪತ್ತು ಗುಂಟೆ. ಉಳಿದದ್ದು ವಾರ (ಪಾಲು ಬೇಸಾಯ), ಗುತ್ತಿಗೆ, ಇಲ್ಲವೇ ಭೋಗ್ಯ. 2023ರ ಮಾರ್ಚ್‌ನಲ್ಲಿ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದರ ಆಸುಪಾಸಿನ ನೆಲವನ್ನು ಸೊಪ್ಪು ಮಾರಿದ ದುಡ್ಡಿನಲ್ಲಿ ಕೊಳ್ಳುವ ಮಾತೇ ಇಲ್ಲ. ಇತ್ತ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ, ಸೈನಿಕರು, ನಾವಿಕರಂಥ ಕೆಲವರ ಜಮೀನು ಬಿಟ್ಟರೆ ಕೃಷಿಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ಈ ನಿಷೇಧ ತೆಗೆಯಬೇಕೇ?

ಪರ

ಕೊತ್ತಂಬರಿ ಕೀಳುವ ಸಂಜೆ ಹೊಲಕ್ಕೆ ಹೋಗಿ ನೋಡಿ. ಮನೆಮಂದಿಯೆಲ್ಲ ಮಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಿತ್ತು, ಬೇರಿನ ಮಣ್ಣು ಕೊಡವಿ, ಬಾಳೆಪಟ್ಟೆಯಲ್ಲಿ ಕಟ್ಟು ಕಟ್ಟಿ, ಒದ್ದೆ ಗೋಣಿತಾಟು ಹೊದಿಸಿ ಟೆಂಪೊಗೆ ಕಾಯುತ್ತಾರೆ. ನಲವತ್ತು ದಿನ ಅಲ್ಲೇ ಬೆವರು ಸುರಿಸಿದವರ ಹೆಸರು ಯಾವ ಕಾಗದದಲ್ಲೂ ಇಲ್ಲ. ಬೆಳೆ ಸಾಲ, ಹನಿ ನೀರಾವರಿಯ ಸಹಾಯಧನ, ಮಳೆ ಹೊಡೆದಾಗ ಬರುವ ಪರಿಹಾರ ಎಲ್ಲವೂ ಪಹಣಿಯಲ್ಲಿ ಹೆಸರಿದ್ದವರಿಗೆ. ಬೆಳೆದವರಿಗೆ ಕೈಸಾಲ, ಇಲ್ಲವೇ ಮಂಡಿಯವರ ಮುಂಗಡ. ಮುಂಗಡ ಪಡೆದ ಮೇಲೆ ಅವರು ಹೇಳಿದ್ದೇ ರೇಟು.

ಮಾಲೀಕರಿಗೂ ಭಯವಿದೆ. ದೇವರಾಜ ಅರಸರ ಕಾಲದಲ್ಲಿ ಗೇಣಿದಾರರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಜಮೀನು ಪಡೆದದ್ದನ್ನು ಹಳ್ಳಿಗಳು ಮರೆತಿಲ್ಲ. ಹಾಗಾಗಿ ಪಟ್ಟಣ ಸೇರಿದ ಕೆಲವರು ಬೀಳು ಬಿಡುತ್ತಾರೆಯೇ ಹೊರತು ಕೊಡುವುದಿಲ್ಲ. ಕೊಟ್ಟರೂ ವರ್ಷಕ್ಕೊಬ್ಬರನ್ನು ಬದಲಿಸುತ್ತಾರೆ. ಇದರ ಏಟು ಬೀಳುವುದು ಮಣ್ಣಿಗೆ. ಕೊಟ್ಟಿಗೆ ಗೊಬ್ಬರದ ಸತ್ವ ಒಂದೇ ಬೆಳೆಗೆ ತೀರುವಂಥದ್ದಲ್ಲ. ಬರುವ ಯುಗಾದಿಗೆ ಬಿಟ್ಟುಕೊಡಬೇಕಾದ ನೆಲಕ್ಕೆ ಯಾರು ತಾನೇ ಗಾಡಿಗಟ್ಟಲೆ ಗೊಬ್ಬರ ಹೊಡೆಸುತ್ತಾರೆ? ಯೂರಿಯಾ ಎರಚಿ ಸೊಪ್ಪು ಎಬ್ಬಿಸುತ್ತಾರೆ. ಅದನ್ನು ತಿನ್ನುವವರು ನಾವು.

ನೀತಿ ಆಯೋಗ 2016ರಲ್ಲೇ ಮಾದರಿ ಗುತ್ತಿಗೆ ಕಾಯ್ದೆ ಕೊಟ್ಟಿದೆ: ಮಾಲೀಕತ್ವ ಮಾಲೀಕರದೇ, ಕರಾರಿನ ಅವಧಿಯಲ್ಲಿ ಸಾಲ–ವಿಮೆ ಉಳುವವರಿಗೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಕೃಷಿಕರಲ್ಲದವರೂ ಹೊಲ ಕೊಳ್ಳಲು ರಾಜ್ಯ ಅವಕಾಶ ಮಾಡಿಕೊಟ್ಟಿತು. ದುಡ್ಡಿದ್ದವರಿಗೆ ಕೊಳ್ಳಲು ದಾರಿ ಬಿಟ್ಟು, ದುಡಿಯುವವರಿಗೆ ಗುತ್ತಿಗೆಯ ದಾರಿಯನ್ನೂ ಮುಚ್ಚಿರುವುದು ಅನ್ಯಾಯ.

ವಿರೋಧ

1951ರ ಕಾಗೋಡು ಸತ್ಯಾಗ್ರಹದಿಂದ ಶುರುವಾಗಿ ಗೇಣಿದಾರರು ಎರಡು ದಶಕ ಹೋರಾಡಿದ್ದರ ಫಲ ಈ ನಿಷೇಧ. ತೆಗೆದರೆ ಮೊದಲು ಬರುವವರು ಯಾರು? ಹತ್ತಾರು ಎಕರೆಯನ್ನು ಒಟ್ಟಿಗೆ ಹಿಡಿದು ಮುಂಗಡ ಎಣಿಸಬಲ್ಲ ಕಂಪನಿಗಳು. ಹತ್ತು ಗುಂಟೆಯಲ್ಲಿ ಮೆಂತ್ಯ, ದಂಟು ಹಾಕುವ ಹೆಣ್ಣುಮಗಳು ಅವರೆದುರು ಪೈಪೋಟಿಗೆ ನಿಲ್ಲಲಾರಳು. ವಾರದಲ್ಲಾದರೆ ಬೆಳೆ ಹೋದ ವರ್ಷ ನಷ್ಟವೂ ಹಂಚಿಕೆಯಾಗುತ್ತದೆ. ಬರಹದ ಕರಾರಿನಲ್ಲಿ ಮಳೆ ಕೊಚ್ಚಿಕೊಂಡು ಹೋದರೂ ಗುತ್ತಿಗೆ ಹಣ ಎಣಿಸಲೇಬೇಕು.

ನಮ್ಮ ಸೀಮೆಯಲ್ಲಿ ಬೆಲೆ ಇರುವುದು ನೀರಿಗೆ. ವಿಶ್ವೇಶ್ವರಯ್ಯ ನಾಲೆಯ ನೀರು ಕಟ್ಟು ಪದ್ಧತಿಯಲ್ಲಿ ಬಿಟ್ಟು ಬಿಟ್ಟು ಬರುತ್ತದೆ. ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ ಅದೂ ಸರಿಯಾಗಿ ಮುಟ್ಟುವುದಿಲ್ಲ. ಭತ್ತ, ಕಬ್ಬು ಹೇಗೋ ತಡೆದಾವು. ಎಳೆ ಸೊಪ್ಪು ತಡೆಯದು, ಅದಕ್ಕೆ ಕೊಳವೆಬಾವಿ ಬೇಕು. ಬಾವಿಯಲ್ಲಿ ನೀರಿರುವ ಜಮೀನು ಕಡಿಮೆ, ಕೇಳುವವರು ಹೆಚ್ಚು. ಗುತ್ತಿಗೆ ಬಹಿರಂಗವಾದರೆ ಏರುವುದು ಅಂಥ ಜಮೀನಿನ ದರವೇ.

ಕಾಗದವೂ ಎಲ್ಲರ ಕೈಗೆ ಸಿಗುವುದಿಲ್ಲ. ಆಂಧ್ರ ಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದು 11 ತಿಂಗಳ ಒಪ್ಪಂದಕ್ಕೆ ಕಾರ್ಡು ಕೊಟ್ಟಿತು. ಅದಕ್ಕೆ ಮಾಲೀಕರ ಸಹಿ ಬೇಕಿತ್ತು, ಅನೇಕರು ಹಾಕಲಿಲ್ಲ. ಕೇರಳದಲ್ಲಿ ಗೇಣಿ ನಿಷೇಧ ಇದ್ದೂ ಕುಟುಂಬಶ್ರೀ ಮಹಿಳಾ ಗುಂಪುಗಳು ಬೇರೆಯವರ ನೆಲದಲ್ಲಿ ಕೃಷಿ ಮಾಡಿ, ಗುಂಪಿನ ಹೊಣೆಯ ಮೇಲೆ ಬ್ಯಾಂಕ್ ಸಾಲ ಪಡೆಯುತ್ತಿವೆ. ನಮ್ಮ ಸ್ತ್ರೀಶಕ್ತಿ ಸಂಘಗಳಿಗೆ ಇದೇನೂ ಅಸಾಧ್ಯವಲ್ಲ.

ಬೆಳೆ ಸಮೀಕ್ಷೆಯಲ್ಲಿ ಈಗಾಗಲೇ ಸರ್ವೆ ನಂಬರುವಾರು ಬೆಳೆಯ ಫೋಟೊ ತೆಗೆಯುತ್ತಾರೆ. ಫೋಟೊ ಜತೆಗೆ ಬೆಳೆದವರ ಹೆಸರನ್ನೂ ಗ್ರಾಮ ಆಡಳಿತಾಧಿಕಾರಿ ದಾಖಲಿಸಲಿ. ಮಾಲೀಕತ್ವಕ್ಕೆ ಅದು ಸಾಕ್ಷಿಯಲ್ಲವೆಂದು ಷರಾ ಬರೆಯಲಿ. ಪರಿಹಾರ, ಸಾಲ ಆ ಹೆಸರಿಗೆ ಹೋಗಲಿ. ನಿಷೇಧಕ್ಕೆ ಕೈ ಹಾಕುವ ಮೊದಲು ಸರ್ಕಾರ ಇದನ್ನು ಮುಂದಿನ ಹಂಗಾಮಿನಲ್ಲೇ ಮಳವಳ್ಳಿಯಿಂದ ಶುರು ಮಾಡಲಿ.