ಹಾಡದೆ ನಿಂತ ಮಕ್ಕಳು ಮತ್ತು ನಮ್ಮ ಶಾಲೆಗಳು

ವಿದ್ಯಾರ್ಥಿಯ ಮೈಮೇಲಿನ ಧರ್ಮಚಿಹ್ನೆ ವಿವಾದಕ್ಕೊಳಗಾಗುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. 2015ರ ಜುಲೈಯಲ್ಲಿ ತಿರುವನಂತಪುರದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಬಂದ ಧರ್ಮಭಗಿನಿಯೊಬ್ಬರು ಶಿರವಸ್ತ್ರವನ್ನೂ ಶಿಲುಬೆಯನ್ನೂ ತೆಗೆಯಲೊಪ್ಪದೆ, ಪರೀಕ್ಷೆ ಬರೆಯಲಾಗದೆ ಹಿಂದಿರುಗಿದರು. 2022ರ ಆರಂಭದಲ್ಲಿ ಉಡುಪಿಯ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರಿಗೆ ತರಗತಿಯ ಬಾಗಿಲು ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಶಿವಮೊಗ್ಗ, ಬೀದರ್‌ಗಳ ಸಿಇಟಿ ಕೇಂದ್ರಗಳಲ್ಲಿ ಜನಿವಾರ ತೆಗೆಯಬೇಕೆಂದದ್ದು ಕೋಲಾಹಲವೆಬ್ಬಿಸಿತು. ಪ್ರತಿ ಬಾರಿಯೂ ಬಹುಮಟ್ಟಿಗೆ ನೊಂದ ಸಮುದಾಯವೇ ಧ್ವನಿಯೆತ್ತಿತು. ಧರ್ಮಭಗಿನಿಗಾಗಿ ಮರುಗಿದ ನಮ್ಮಲ್ಲಿ ಎಷ್ಟು ಮಂದಿ ಉಡುಪಿಯ ಹೆಣ್ಣುಮಕ್ಕಳ ವಿಷಯದಲ್ಲಿ ಅದೇ ಅಳತೆಗೋಲನ್ನು ಹಿಡಿದೆವು?

ಈ ಅಳತೆಗೋಲು ಯಾವುದೆಂದು ತಿಳಿಯಬೇಕಾದರೆ ಕೇರಳದ ಹಳೆಯ ಮೊಕದ್ದಮೆಯೊಂದನ್ನು ನೋಡಬೇಕು. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ಹತ್ತು, ಒಂಬತ್ತು ಹಾಗೂ ಐದನೆಯ ತರಗತಿಗಳಲ್ಲಿ ಓದುತ್ತಿದ್ದರು. ರಾಷ್ಟ್ರಗೀತೆಯ ವೇಳೆಗೆ ಎಲ್ಲರೊಡನೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅವರ ಅಕ್ಕಂದಿರೂ ಅದೇ ಶಾಲೆಯಲ್ಲಿ ಹಾಗೆಯೇ ನಿಂತು ಓದಿ ಹೋಗಿದ್ದರು, ಯಾರೂ ತಪ್ಪೆಣಿಸಿರಲಿಲ್ಲ. 1985ರಲ್ಲಿ ಶಾಸಕರೊಬ್ಬರು ಇದನ್ನು ವಿಧಾನಸಭೆಯಲ್ಲಿ ಎತ್ತಿದರು. ತನಿಖೆಗೆ ನೇಮಕವಾದ ಆಯೋಗವೇ ಮಕ್ಕಳು ಕಾನೂನಿಗೆ ವಿಧೇಯರು, ಅಗೌರವ ತೋರಿಲ್ಲ ಎಂದು ವರದಿ ಕೊಟ್ಟರೂ, ಮೇಲಧಿಕಾರಿಯ ಆದೇಶದಂತೆ ಜುಲೈ 26ರಂದು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಯಿತು.

ಕೇರಳದ ಉಚ್ಚ ನ್ಯಾಯಾಲಯವು ರಾಷ್ಟ್ರಗೀತೆಯ ಪದಗಳನ್ನು ಒಂದೊಂದಾಗಿ ಪರಿಶೀಲಿಸಿ, ಯಾರ ಧರ್ಮಭಾವನೆಗೂ ನೋವಾಗುವ ಮಾತು ಇದರಲ್ಲಿಲ್ಲವೆಂದು ಅರ್ಜಿಯನ್ನು ತಳ್ಳಿಹಾಕಿತು. 1986ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಅವರು, ಕೇಳಬೇಕಾದ ಪ್ರಶ್ನೆಯೇ ಅದಲ್ಲವೆಂದರು. ಒಂದು ನಂಬಿಕೆ ನ್ಯಾಯಾಧೀಶರ ಬುದ್ಧಿಗೆ ಒಪ್ಪಿಗೆಯಾಗುತ್ತದೆಯೆ ಎಂಬುದು ಮುಖ್ಯವಲ್ಲ. ಅದನ್ನು ಧರ್ಮಾಚರಣೆಯ ಅಂಗವಾಗಿ ಪ್ರಾಮಾಣಿಕವಾಗಿ ಹಿಡಿದಿದ್ದಾರೆಯೆ ಎಂಬುದು ಮುಖ್ಯ. ರಾಷ್ಟ್ರಗೀತೆಯನ್ನು ಹಾಡಲೇಬೇಕೆಂಬ ಕಾನೂನೊಂದೂ ಇರಲಿಲ್ಲ. 1971ರ ಅಧಿನಿಯಮವು ಹಾಡುವವರನ್ನು ತಡೆಯುವುದನ್ನು ಶಿಕ್ಷಿಸುತ್ತದೆಯೇ ಹೊರತು ಮೌನವನ್ನಲ್ಲ. ಬರಿಯ ಸುತ್ತೋಲೆಗಳಿಂದ ಮೂಲಭೂತ ಹಕ್ಕನ್ನು ಮೊಟಕುಗೊಳಿಸಲಾಗದು. ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆದೇಶವಾಯಿತು.

ಯೆಹೋವನ ಸಾಕ್ಷಿಗಳು ಪವಿತ್ರ ತ್ರಿತ್ವವನ್ನು ಅಲ್ಲಗಳೆಯುವವರು. ನಮ್ಮ ವಿಶ್ವಾಸವನ್ನು ತಪ್ಪೆಂದು ಸಾರಲು ಮನೆಮನೆಗೆ ಬರುವವರು. (ನಮ್ಮ ಧರ್ಮಕೇಂದ್ರದ ಕುಟುಂಬಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ!) ಆದರೂ ಆ ಮೂವರು ಮಕ್ಕಳು ಗಳಿಸಿಕೊಟ್ಟ ರಕ್ಷಣೆಯ ಕೆಳಗೆ ಇಂದು ನಮ್ಮ ಮಕ್ಕಳೂ ನಿಂತಿದ್ದಾರೆ.

ಇನ್ನೊಂದು ಅಳತೆಗೋಲೂ ನಮ್ಮ ನ್ಯಾಯಶಾಸ್ತ್ರದಲ್ಲಿದೆ. ಆಚರಣೆಯು ಧರ್ಮಕ್ಕೆ ಅತ್ಯಗತ್ಯವೆ ಎಂದು ಕೇಳುವುದು ಅದರ ಕ್ರಮ. ಅದು ಹುಟ್ಟಿದ್ದು 1954ರಲ್ಲಿ, ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ, ಎಂಬುದು ಕುತೂಹಲಕರ. ಅಂದು ನ್ಯಾಯಾಲಯ ಹೇಳಿದ್ದು, ಅತ್ಯಗತ್ಯವಾದುದು ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ಅರಿಯಬೇಕೆಂದು. ಕಾಲಕ್ರಮೇಣ ನ್ಯಾಯಾಧೀಶರೇ ಶಾಸ್ತ್ರಗ್ರಂಥಗಳನ್ನು ತೆರೆದು ಧರ್ಮಪಂಡಿತರ ಪೀಠದಲ್ಲಿ ಕುಳಿತರು. 2022ರ ಮಾರ್ಚ್ 15ರಂದು ಕರ್ನಾಟಕದ ಉಚ್ಚ ನ್ಯಾಯಾಲಯವು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದೂ, ಸಮವಸ್ತ್ರದ ನಿಯಮ ನ್ಯಾಯಸಮ್ಮತವೆಂದೂ ತೀರ್ಪಿತ್ತದ್ದು ಈ ದಾರಿಯಲ್ಲಿ. ಅದೇ ವರ್ಷದ ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಇಬ್ಭಾಗವಾಯಿತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಆ ತೀರ್ಪನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಕೇರಳದ ಮಕ್ಕಳ ಮೊಕದ್ದಮೆಯನ್ನು ಆಧರಿಸಿ, ಅತ್ಯಗತ್ಯವೆ ಎಂಬ ಪ್ರಶ್ನೆಯೇ ಇಲ್ಲಿ ಬೇಕಿಲ್ಲವೆಂದರು.

ಸುಮ್ಮನೆ ನಿಲ್ಲುವುದು ಬೇರೆ, ಚಿಹ್ನೆಯನ್ನು ಧರಿಸುವುದು ಬೇರೆ ಎಂಬ ವಾದವುಂಟು. ಅದು ಹಗುರವಾದುದಲ್ಲ, ಬಡವ ಬಲ್ಲಿದರನ್ನು ಒಂದೇ ಸಾಲಿನಲ್ಲಿ ಕೂರಿಸುವ ಸಮವಸ್ತ್ರದ ಬೆಲೆಯನ್ನು ಶಾಲೆ ನಡೆಸುವ ನಾವು ಬಲ್ಲೆವು. ಆದರೂ ಸಮವಸ್ತ್ರದ ಬಣ್ಣದ್ದೇ ಆದ ತಲೆವಸ್ತ್ರದಿಂದ ಯಾವ ಪಾಠ ಕೆಡುತ್ತಿತ್ತೆಂಬುದು ನಮಗೆ ತಿಳಿಯದು. ಧೂಲಿಯಾ ಅವರ ಮಾರ್ಗವೇ ಹೆಚ್ಚು ಸರಿಯೆಂದು ನಮ್ಮ ಎಣಿಕೆ. ತಪ್ಪು ತಿಳಿದ ಮನಸ್ಸಾಕ್ಷಿಯೂ ಮನುಷ್ಯನನ್ನು ಬಂಧಿಸುತ್ತದೆಯೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಕ್ರಿಸ್ತನಲ್ಲಿ ವಿಶ್ವಾಸವಿಡುವುದೇ ಕೆಡುಕೆಂದು ಒಬ್ಬನ ವಿವೇಕಕ್ಕೆ ತೋರಿದರೆ, ಅದಕ್ಕೆ ವಿರುದ್ಧವಾಗಿ ನಡೆಯುವುದು ಅವನಿಗೆ ದೋಷವೆಂಬಷ್ಟರ ಮಟ್ಟಿಗೆ. 1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು ಈ ಹಕ್ಕಿಗೆ ಮಾನವ ವ್ಯಕ್ತಿಯ ಘನತೆಯನ್ನೇ ಬುನಾದಿಯನ್ನಾಗಿಸಿತು.

ಹಾಗಾದರೆ ನಮ್ಮ ಶಾಲೆಗಳ ಗತಿಯೇನು? 2018ರ ಡಿಸೆಂಬರ್‌ನಲ್ಲಿ ತಿರುವನಂತಪುರದ ಕಥೋಲಿಕ ಶಾಲೆಯೊಂದರ ವಿಷಯದಲ್ಲಿ ಕೇರಳದ ಉಚ್ಚ ನ್ಯಾಯಾಲಯವು, ತಲೆವಸ್ತ್ರ ಬೇಡಿದ ವಿದ್ಯಾರ್ಥಿನಿಯರ ಹಕ್ಕಿಗಿಂತ ಸಂಸ್ಥೆಯ ಹಕ್ಕು ಮೇಲೆಂದಿತು. 2025ರ ಅಕ್ಟೋಬರ್‌ನಲ್ಲಿ ಕೊಚ್ಚಿಯ ಪಳ್ಳುರುತ್ತಿಯಲ್ಲಿ ಧರ್ಮಭಗಿನಿಯರ ಶಾಲೆಯೊಂದು ಇದೇ ಕಾರಣಕ್ಕೆ ಕೆಲ ದಿನ ಮುಚ್ಚಿತು. ಹೆತ್ತವರು ಮಗಳನ್ನು ಬೇರೆಡೆಗೆ ಕಳುಹಿಸಲು ನಿರ್ಧರಿಸಿದರು. ಸಂವಿಧಾನದ 30ನೆಯ ವಿಧಿ ನಮಗಿತ್ತ ಆಡಳಿತದ ಹಕ್ಕನ್ನು ನಾವು ಬಿಟ್ಟುಕೊಡಬೇಕಿಲ್ಲ. ಆದರೆ ಕಾನೂನು ಬಿಟ್ಟುಕೊಟ್ಟದ್ದನ್ನೆಲ್ಲ ಮಾಡುವುದು ವಿವೇಕವಲ್ಲ. ಸರಕಾರಿ ಶಾಲೆಯಲ್ಲಿ ನಮ್ಮ ಮಗುವಿನ ಕೊರಳ ಜಪಸರಕ್ಕೆ ಬೇಡುವ ಔದಾರ್ಯವನ್ನು ನಮ್ಮ ಗೇಟಿನೊಳಗೆ ಪರರ ಮಗುವಿಗೆ ನಿರಾಕರಿಸಿದರೆ ನಮ್ಮ ಮಾತನ್ನು ಯಾರು ನಂಬಿಯಾರು?

28ನೆಯ ವಿಧಿಯ ಮೂರನೆಯ ಖಂಡವನ್ನು ನಮ್ಮವರು ಓದುವುದು ಕಡಿಮೆ. ಸರಕಾರದ ಮನ್ನಣೆ ಅಥವಾ ಅನುದಾನ ಪಡೆದ ಯಾವ ಶಾಲೆಯಲ್ಲಿಯೂ ವಿದ್ಯಾರ್ಥಿಯನ್ನು, ಅವನು ಅಪ್ರಾಪ್ತನಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧರ್ಮಬೋಧೆಗಾಗಲಿ ಆರಾಧನೆಗಾಗಲಿ ಹಾಜರಾಗುವಂತೆ ಬಲವಂತ ಮಾಡಬಾರದೆಂದು ಅದು ವಿಧಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೂ ತನ್ನ ಶಾಲೆಗಳಿಗೆ ಕಳುಹಿಸಿದ ಮಾರ್ಗಸೂಚಿಯಲ್ಲಿ, ಕ್ರೈಸ್ತ ಸಂಪ್ರದಾಯಗಳನ್ನು ಅನ್ಯಧರ್ಮೀಯ ವಿದ್ಯಾರ್ಥಿಗಳ ಮೇಲೆ ಹೇರಬಾರದೆಂದಿತು. ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಲು ಹೇಳಿತು.

ನಮ್ಮ ಧರ್ಮಕೇಂದ್ರಗಳ ಎಷ್ಟು ಶಾಲೆಗಳ ಪ್ರವೇಶಪತ್ರದಲ್ಲಿ ಪೋಷಕರ ಈ ಒಪ್ಪಿಗೆಗೆಂದು ಒಂದು ಸಾಲಿದೆ? ಜೂನ್ ತಿಂಗಳ ಪ್ರವೇಶಕ್ಕೆ ಮುನ್ನ ಶಾಲಾ ಸಮಿತಿಗಳಲ್ಲಿರುವ ಹೆತ್ತವರು ಆ ಪತ್ರವನ್ನೊಮ್ಮೆ ತರಿಸಿ ನೋಡಲಿ.